ಬೆಲೆಯನ್ನು ಆಲಿಸುವ ಕಿವಿ

ಧ್ವನಿವರ್ಧಕದ ಪೆಟ್ಟಿಗೆಯೊಳಗೆ ಕುಳಿತು ಮಂದ್ರನಾದವನ್ನು ವೂಫರಿಗೂ ತಾರನಾದವನ್ನು ಟ್ವೀಟರಿಗೂ ಹಂಚಿಕೊಡುವ ಕ್ರಾಸ್‌ಓವರ್ ಎಂಬ ಪುಟ್ಟ ಜಾಲದಲ್ಲಿ, ಕೆಪಾಸಿಟರಿಗೆ ಎಷ್ಟು ಹೆಚ್ಚು ಹಣ ತೆತ್ತರೆ ಸಂಗೀತಕ್ಕೆ ಅಷ್ಟು ಹೆಚ್ಚು ಮಾಧುರ್ಯ ಒದಗುತ್ತದೆಂಬ ಮತವೊಂದು ಈಚೆಗೆ ರಸಿಕರ ನಡುವೆ ಸಿದ್ಧಾಂತದ ಪದವಿಗೆ ಏರಿದೆ. ರಾಜಧಾನಿಯಲ್ಲಿ ಹುಟ್ಟಿದ ಗೀಳು ಮಲೆನಾಡಿನ ಬಾಗಿಲಿಗೆ ಬರಲು ಹಿಂದೆ ಹತ್ತು ವರ್ಷ ಬೇಕಾಗುತ್ತಿತ್ತು; ಈಗ ಹತ್ತು ದಿನವೂ ಬೇಡ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ ಸಮುದ್ರದಾಚೆಯಿಂದಲೋ ತರಿಸಿದ, ಬೆಳ್ಳಿಯ ಹಾಳೆಯದು, ಶುದ್ಧ ತಾಮ್ರದ್ದು, ಎಣ್ಣೆಯಲ್ಲಿ ನೆನೆದ ಕಾಗದದ್ದು ಎಂದು ಮೊದಲಾದ ಬಿರುದುಗಳನ್ನು ಹೊತ್ತ ಒಂದು ಕೆಪಾಸಿಟರಿಗೆ, ಅದು ಯಾವ ಟ್ವೀಟರಿನ ಸೇವೆಗೆ ನಿಲ್ಲಬೇಕೋ ಆ ಟ್ವೀಟರಿನ ಬೆಲೆಗಿಂತ ಹೆಚ್ಚಾಗಿ ತೆತ್ತವರು ಶಿವಮೊಗ್ಗದ ದುರ್ಗಿಗುಡಿಯಲ್ಲಿಯೂ ಉಂಟು, ಭದ್ರಾವತಿಯ ನ್ಯೂಟೌನಿನಲ್ಲಿಯೂ ಉಂಟು. ಫಲವೇನೆಂದು ಕೇಳಿದರೆ ಪರದೆ ಸರಿದಂತಾಯಿತೆನ್ನುತ್ತಾರೆ; ವೀಣೆಯ ಮೆಟ್ಟಿಲ ಮೇಲೆ ಜಾರುವ ಬೆರಳೇ ಕಣ್ಣಿಗೆ ಕಟ್ಟಿತೆನ್ನುತ್ತಾರೆ. ಈ ಮತವು ಅಳತೆಯ ಮುಂದೆ ನಿಲ್ಲತಕ್ಕದ್ದಲ್ಲವೆಂದೂ, ನಿಜವಾಗಿ ನೋಡಿಕೊಳ್ಳಬೇಕಾದ ಸಂಗತಿಗಳಿಂದ ಮನಸ್ಸನ್ನು ಬೇರೆಡೆಗೆ ಸೆಳೆಯುವುದಾದುದರಿಂದ ಬರಿಯ ನಿರಪಾಯಕಾರಿಯಾದ ಶೋಕಿಯೂ ಅಲ್ಲವೆಂದೂ ನನ್ನ ಅಭಿಪ್ರಾಯ.

ಕೆಪಾಸಿಟರು ಮಾಡುವ ಕೆಲಸವನ್ನು ಮೊದಲು ನೋಡೋಣ. ಟ್ವೀಟರಿನೊಳಗಿನ ಸುರುಳಿ ಕೂದಲೆಳೆಯಂಥ ತಂತಿಯಿಂದ ಆದುದು. ಡೊಳ್ಳಿನ ಪೆಟ್ಟನ್ನು ಹೊತ್ತುಬರುವ ವಿದ್ಯುತ್ತು ತಡೆಯಿಲ್ಲದೆ ಅದರೊಳಕ್ಕೆ ನುಗ್ಗಿದರೆ ಅದು ಉಳಿಯುವ ಮಾತಿಲ್ಲ. ತಗ್ಗಿದ ಕಂಪನಗಳಿಗೆ ಹೆಚ್ಚು ತಡೆಯನ್ನೂ ಏರಿದ ಕಂಪನಗಳಿಗೆ ಕಡಿಮೆ ತಡೆಯನ್ನೂ ಒಡ್ಡುವುದು ಕೆಪಾಸಿಟರಿನ ಸ್ವಭಾವವಾದ್ದರಿಂದ ಅದನ್ನು ದ್ವಾರಪಾಲಕನಂತೆ ಟ್ವೀಟರಿನ ಮುಂದೆ ನಿಲ್ಲಿಸುತ್ತಾರೆ. ಒಂದೇ ಕೆಪಾಸಿಟರಿನ ಸರಳ ಜಾಲದಲ್ಲಿ ಗಡಿ ಎಲ್ಲಿ ಬೀಳುತ್ತದೆಂಬುದನ್ನು ನಿರ್ಣಯಿಸುವ ಸಂಖ್ಯೆಗಳು ಎರಡೇ: ಕೆಪಾಸಿಟರಿನ ಧಾರಕತೆ ಒಂದು, ಟ್ವೀಟರು ಒಡ್ಡುವ ಪ್ರತಿರೋಧ ಇನ್ನೊಂದು. 8 ಓಮಿನ ಟ್ವೀಟರಿಗೆ 3,000 ಹರ್ಟ್ಸಿನಲ್ಲಿ ಗಡಿ ಹಾಕಬೇಕಾದರೆ ಲೆಕ್ಕ ಹೇಳುವುದು 6.63 ಮೈಕ್ರೋಫ್ಯಾರಡ್, ಅಂಗಡಿಯಲ್ಲಿ ದೊರೆಯುವುದು 6.8; ಅದನ್ನು ಹಾಕಿದರೆ ಗಡಿ 2,926 ಹರ್ಟ್ಸಿಗೆ ಇಳಿಯುತ್ತದೆ. ಈ ಲೆಕ್ಕದಲ್ಲಿ ರೂಪಾಯಿಗೆ ಎಲ್ಲಿಯೂ ಸ್ಥಾನವಿಲ್ಲ.

ಕನ್ನಡ ಕೇಳುವ ಕಿವಿಗೆ ಈ ಗಡಿ ಎಷ್ಟು ಸೂಕ್ಷ್ಮವಾದ ಸ್ಥಳವೆಂಬುದನ್ನು ತಿಳಿಯಬೇಕಾದರೆ ತುಂಗೆಯ ದಡದ ಹೊಸಹಳ್ಳಿಯ ಗಮಕಿಗಳ ವಾಚನವೊಂದನ್ನು ಧ್ವನಿಮುದ್ರಣದಲ್ಲಿ ಆಲಿಸಿದರೆ ಸಾಕು. ಕುಮಾರವ್ಯಾಸನ ಷಟ್ಪದಿಯನ್ನು ರಾಗದಲ್ಲಿ ಹರಿಯಿಸುವಾಗ ಸ್ವರಾಕ್ಷರಗಳ ತುಂಬುನಾದವೆಲ್ಲ ಬಹುಮಟ್ಟಿಗೆ ವೂಫರಿನ ಪಾಲು. ಆದರೆ ಶಕಾರದ ಉಸಿರು 3,000 ಹರ್ಟ್ಸಿನ ಆಸುಪಾಸಿನಲ್ಲಿ ದಟ್ಟವಾಗಿರುತ್ತದೆ, ಸಕಾರದ ಸೀಳು 5,000ಕ್ಕೂ ಮೇಲೆ ಹೋಗುತ್ತದೆ. ಅಂದರೆ ಶಕಾರ ಹುಟ್ಟುವುದು ಎರಡು ಸ್ಪೀಕರುಗಳು ಒಂದಕ್ಕೊಂದು ಕೆಲಸವನ್ನು ಒಪ್ಪಿಸುವ ಸಂಧಿಯಲ್ಲಿಯೇ. ಸಂಧಿ ಕೆಟ್ಟರೆ ಶಂತನುವೂ ಸಂಜಯನೂ ಒಂದೇ ನಾಲಗೆಯಿಂದ ಬಂದವರೆನ್ನಿಸುವುದಿಲ್ಲ. ಒಂದು ಅಕ್ಷರ ಹಿಂದಕ್ಕೆ ಸರಿಯುತ್ತದೆ, ಇನ್ನೊಂದು ಕಿವಿಯನ್ನು ಇರಿಯುತ್ತದೆ. ಪಂಚಮವೇದದಂಥ ಕಾವ್ಯಕ್ಕೆ ಆಗುವ ಈ ಅಪಚಾರವನ್ನು ಬೆಳ್ಳಿಯ ಹಾಳೆ ತಪ್ಪಿಸಲಾರದು. ತಪ್ಪಿಸಬಲ್ಲದ್ದು ಸರಿಯಾದ ಮೈಕ್ರೋಫ್ಯಾರಡು.

ಆ ಸರಿಯಾದ ಮೈಕ್ರೋಫ್ಯಾರಡನ್ನಾದರೂ ಯಾರು ಅಳೆಯುತ್ತಾರೆ? ಸಾಧಾರಣವಾದ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಮೇಲೆ 6.8 ಎಂದು ಅಚ್ಚಾಗಿದ್ದರೂ ಶೇಕಡ 20ರಷ್ಟು ಹೆಚ್ಚುಕಮ್ಮಿ ಇರಬಹುದೆಂದು ತಯಾರಕರೇ ಒಪ್ಪಿಕೊಂಡಿರುತ್ತಾರೆ. ಅದರ ಅರ್ಥವೇನೆಂದರೆ ಗಡಿಯು 2,440 ಹರ್ಟ್ಸಿನಿಂದ 3,660 ಹರ್ಟ್ಸಿನವರೆಗೆ ಎಲ್ಲಿ ಬೇಕಾದರೂ ಬೀಳಬಹುದು. ಎಡಗಡೆಯ ಪೆಟ್ಟಿಗೆಯಲ್ಲಿ ಒಂದು ಕಡೆ, ಬಲಗಡೆಯದರಲ್ಲಿ ಇನ್ನೊಂದು ಕಡೆ. ಅಷ್ಟೇ ಅಲ್ಲ, 8 ಓಮ್ ಎಂಬುದೂ ನಾಮಮಾತ್ರದ ಸಂಖ್ಯೆಯೇ. ಸುರುಳಿಯ ತಂತಿಯನ್ನು ಮೀಟರಿಟ್ಟು ನೋಡಿದರೆ 6 ಓಮಿನ ಹತ್ತಿರ ಸಿಗುತ್ತದೆ. ಟ್ವೀಟರು ತನ್ನ ಸಹಜ ಕಂಪನಾಂಕದಲ್ಲಿ ಅನುರಣಿಸುವಾಗ ಅದೇ ಪ್ರತಿರೋಧ ಬೆಟ್ಟದಂತೆ ಎದ್ದು ನಿಲ್ಲುತ್ತದೆ. ಕಂಪನ ಏರಿದಂತೆ ಸುರುಳಿಯ ಪ್ರೇರಕತೆಯಿಂದ ಮತ್ತೆ ಏರುತ್ತದೆ. ಈ ಏರಿಳಿತವನ್ನು ಗಣಿಸದೆ ಪುಸ್ತಕದ ಸೂತ್ರವೊಂದನ್ನೇ ನಂಬಿ ಹಾಕಿದ ಕೆಪಾಸಿಟರು, ಅದು ಸಾವಿರ ರೂಪಾಯಿಯದಾಗಲಿ ಹತ್ತು ರೂಪಾಯಿಯದಾಗಲಿ, ಒಂದೇ ತಪ್ಪನ್ನು ಮಾಡುತ್ತದೆ. ಬ್ರಿಟನ್ನಿನ ಬಿ.ಬಿ.ಸಿ. ಸಂಸ್ಥೆಯ ಎಂಜಿನಿಯರುಗಳು 1970ರ ದಶಕದಲ್ಲಿ ರೂಪಿಸಿದ ಎಲ್‌ಎಸ್ 3/5ಎ ಎಂಬ ಪುಟ್ಟ ಧ್ವನಿವರ್ಧಕ ಇಂದಿಗೂ ರಸಿಕರ ಪೂಜೆಗೆ ಪಾತ್ರವಾಗಿದೆಯಷ್ಟೆ. ಅದರಲ್ಲಿ ಟ್ವೀಟರಿನ ಮಟ್ಟವನ್ನು ವೂಫರಿಗೆ ಹೊಂದಿಸುವುದಕ್ಕಾಗಿ ಸುರುಳಿಯೊಂದರಿಂದ ಹಲವು ಕವಲುಗಳನ್ನು ಹೊರತೆಗೆದು, ತಯಾರಾದ ಸ್ಪೀಕರುಗಳನ್ನು ಅಳೆದು, ತಕ್ಕ ಕವಲಿಗೆ ಬೆಸುಗೆ ಹಾಕುವ ಏರ್ಪಾಡಿತ್ತು. ಆ ಪೆಟ್ಟಿಗೆಯನ್ನು ಪೂಜಿಸುವವರು ಅದರ ಹಿಂದಿನ ಅಳತೆಯ ಶ್ರಮವನ್ನು ಮಾತ್ರ ಅನುಸರಿಸಲೊಲ್ಲರು.

ಇನ್ನು ನಷ್ಟದ ವಿಚಾರ. ಯಾವ ಕೆಪಾಸಿಟರೂ ಪರಿಶುದ್ಧವಲ್ಲ. ತನ್ನ ಮೂಲಕ ಹರಿಯುವ ಶಕ್ತಿಯಲ್ಲಿ ಒಂದಿಷ್ಟನ್ನು ಶಾಖವಾಗಿ ತಾನೇ ನುಂಗುತ್ತದೆ. ದುಬಾರಿ ಕೆಪಾಸಿಟರಿನ ಭಕ್ತರು ಹಿಡಿದಿರುವ ದೊಡ್ಡ ಆಯುಧ ಇದೇ ಆದ್ದರಿಂದ ಇದನ್ನು ಸಂಖ್ಯೆಯಲ್ಲಿಯೇ ನೋಡುವುದು ಉಚಿತ. ನಮ್ಮ 6.8 ಮೈಕ್ರೋಫ್ಯಾರಡಿನ ಕೆಪಾಸಿಟರು ಸಾಮಾನ್ಯವಾದ ಪಾಲಿಪ್ರೊಪಿಲೀನ್ ಹಾಳೆಯದಾದರೆ, 3,000 ಹರ್ಟ್ಸಿನಲ್ಲಿ ಅದರ ನಷ್ಟವನ್ನು ಪ್ರತಿರೋಧವಾಗಿ ಹೇಳುವುದಾದರೆ, ಸುಮಾರು 0.004 ಓಮ್. ಇದಕ್ಕಿಂತ ಐವತ್ತು ಪಾಲು ದುಬಾರಿಯಾದ ಕೆಪಾಸಿಟರಿನಲ್ಲಿ ನಷ್ಟ ಪೂರ್ತಿಯಾಗಿ ಸೊನ್ನೆಯೆಂದೇ ಔದಾರ್ಯದಿಂದ ಒಪ್ಪಿಕೊಳ್ಳೋಣ. ಆಗಲೂ ಕಿವಿಗೆ ಬೀಳುವ ಶಬ್ದದಲ್ಲಿ ಆಗುವ ವ್ಯತ್ಯಾಸ ಹೆಚ್ಚೆಂದರೆ ಒಂದು ಡೆಸಿಬೆಲ್ಲಿನ ಸಾವಿರದಲ್ಲಿ ನಾಲ್ಕು ಭಾಗ. ಆಂಪ್ಲಿಫೈಯರಿನಿಂದ ಪೆಟ್ಟಿಗೆಗೆ ಎಳೆದ ಎರಡು ಮೀಟರು ಉದ್ದದ, ಒಂದು ಚದರ ಮಿಲಿಮೀಟರು ದಪ್ಪದ ಜೋಡಿತಂತಿಯೇ 0.07 ಓಮ್ ಪ್ರತಿರೋಧ ಒಡ್ಡುತ್ತದೆ. ಇದಕ್ಕೂ ವಿಪರೀತವಾದದ್ದು ಟ್ವೀಟರಿನ ಸುರುಳಿಯ ಕಾವು. ತಾಮ್ರದ ಪ್ರತಿರೋಧ ಪ್ರತಿಯೊಂದು ಡಿಗ್ರಿಗೆ ಶೇಕಡ 0.39ರಷ್ಟು ಏರುವುದರಿಂದ, ಹಾಡು ಜೋರಾಗಿ ಸುರುಳಿ 50 ಡಿಗ್ರಿ ಬಿಸಿಯಾದರೆ 6 ಓಮ್ ಇದ್ದದ್ದು 7.2ರ ಹತ್ತಿರ ಬರುತ್ತದೆ. ಪಾಲಿಪ್ರೊಪಿಲೀನಿನ ನಷ್ಟಕ್ಕೆ ಮುನ್ನೂರು ಮಡಿಯಾದ ಈ ಬದಲಾವಣೆ ಒಂದೇ ಕೃತಿಯ ಪಲ್ಲವಿಯಿಂದ ಚರಣಕ್ಕೆ ಬರುವಷ್ಟರಲ್ಲಿ ಆಗಿಹೋಗಬಹುದು. ಅದನ್ನು ಕೇಳಿಸಿಕೊಳ್ಳದ ಕಿವಿ ಸಾವಿರದಲ್ಲಿ ನಾಲ್ಕು ಭಾಗವನ್ನು ಹೇಗೆ ಕೇಳಿಸಿಕೊಂಡಿತು?

ನಮ್ಮ ಜಿಲ್ಲೆಯ ಅಡಕೆ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸುವವರು ಕಾಯನ್ನು ಕೈಯಲ್ಲಿ ಹಿಡಿದು, ಒಡೆದು, ಬಣ್ಣ ನೋಡಿ ದರ್ಜೆ ಗೊತ್ತುಮಾಡುತ್ತಾರೆ. ದರ್ಜೆ ಗೊತ್ತಾದ ಮೇಲೆ ಧಾರಣೆ ನಿಲ್ಲುತ್ತದೆ. ಕೆಪಾಸಿಟರಿನ ಮಂಡಿಯಲ್ಲಿ ಈ ಕ್ರಮ ತಲೆಕೆಳಗಾಗಿದೆ: ಮೊದಲು ಧಾರಣೆ, ಆಮೇಲೆ ಅದನ್ನು ನೋಡಿಕೊಂಡು ದರ್ಜೆ.

ಆದರೆ ಬದಲಿಸಿದ ಮೇಲೆ ಶಬ್ದ ನಿಜವಾಗಿಯೂ ಬೇರೆಯಾಯಿತಲ್ಲ ಎನ್ನುವವರ ಮಾತನ್ನು ನಾನು ಸುಳ್ಳೆನ್ನುವುದಿಲ್ಲ. ಕಾರಣವನ್ನು ಅವರು ತಪ್ಪಾಗಿ ಹುಡುಕಿದ್ದಾರೆನ್ನುತ್ತೇನೆ. ಇಪ್ಪತ್ತೈದು ಮೂವತ್ತು ವರ್ಷ ಹಳೆಯದಾದ ಪೆಟ್ಟಿಗೆಯೊಂದರ ಬೆನ್ನನ್ನು ಬಿಚ್ಚಿ ನೋಡಿ. ಧೂಳು ಹಿಡಿದ ಹಲಗೆಯ ಮೇಲೆ, ಕೆಲವೊಮ್ಮೆ ಹಲಗೆಯೂ ಇಲ್ಲದೆ ಟ್ವೀಟರಿನ ಕಿವಿಗೇ ಬೆಸೆದುಕೊಂಡು, ಕಿರುಬೆರಳಿನ ಗಾತ್ರದ ಉರುಟಾದ ಎಲೆಕ್ಟ್ರೊಲಿಟಿಕ್ ಒಂದಿರುತ್ತದೆ. ಹೊದಿಕೆ ಸುಕ್ಕುಗಟ್ಟಿ ತುದಿಯಲ್ಲಿ ಹಿಂದಕ್ಕೆ ಸರಿದಿರುತ್ತದೆ. ತಂತಿ ಹೊರಬರುವ ಕಡೆಯ ರಬ್ಬರಿನ ಬಿರಡೆ ಉಬ್ಬಿ, ಅದರ ಸುತ್ತ ಕಂದುಬಣ್ಣದ ಕಲೆ ಮೂಡಿರುತ್ತದೆ. ಒಳಗಿನ ದ್ರವ ಆರುತ್ತ ಬಂದಂತೆ ಧಾರಕತೆ ಕುಗ್ಗುತ್ತದೆ, ಒಳಪ್ರತಿರೋಧ ಬೆಳೆಯುತ್ತದೆ. ಹೊಸದಾಗಿದ್ದಾಗಲೇ 0.4 ಓಮಿನಷ್ಟಿದ್ದ ಆ ಪ್ರತಿರೋಧ ಈಗ 1 ಓಮಿಗೆ ಏರಿದ್ದರೆ, 8 ಓಮಿನ ಟ್ವೀಟರು, ನಷ್ಟವಿಲ್ಲದ ಕೆಪಾಸಿಟರಿದ್ದಾಗಿನದಕ್ಕಿಂತ ಒಂದು ಡೆಸಿಬೆಲ್ಲಿನಷ್ಟು ಕುಗ್ಗಿ ಮಾತಾಡುತ್ತಿರುತ್ತದೆ. ಅದನ್ನು ಕಿತ್ತು ಅತ್ಯಂತ ಅಗ್ಗದ ಪಾಲಿಪ್ರೊಪಿಲೀನ್ ಒಂದನ್ನು ಹಾಕಿದರೂ ಪರದೆ ಸರಿಯುತ್ತದೆ! ಆದದ್ದು ರಿಪೇರಿ; ಅದಕ್ಕೆ ಸಂದ ಕೀರ್ತಿ ಬೆಳ್ಳಿಹಾಳೆಗೆ. ಇದರಲ್ಲಿ ಇನ್ನೊಂದು ಅನರ್ಥವೂ ಅಡಗಿದೆ. ಮೂಲ ವಿನ್ಯಾಸಕಾರನು ಎಲೆಕ್ಟ್ರೊಲಿಟಿಕ್ಕಿನ ಆ 0.4 ಓಮನ್ನು ತನ್ನ ಲೆಕ್ಕದೊಳಗೆ ಸೇರಿಸಿಕೊಂಡೇ ಟ್ವೀಟರಿನ ಮಟ್ಟವನ್ನು ಗೊತ್ತುಪಡಿಸಿದ್ದರೆ, ನಷ್ಟವಿಲ್ಲದ ಕೆಪಾಸಿಟರನ್ನು ಸುಮ್ಮನೆ ಬದಲಿ ಹಾಕುವುದರಿಂದ ತಾರನಾದ ಅವನು ಇಚ್ಛಿಸಿದುದಕ್ಕಿಂತ ಅರ್ಧ ಡೆಸಿಬೆಲ್ಲಿನ ಹತ್ತಿರ ಮೇಲೇರುತ್ತದೆ. ಅದನ್ನು ಸರಿತೂಗಿಸುವುದಕ್ಕೆ ಅಷ್ಟೇ ಓಮಿನ ಪುಟ್ಟ ರೆಸಿಸ್ಟರೊಂದನ್ನು ಜೊತೆಗೆ ಬೆಸೆದರೆ ಆಯಿತು. ಬೆಲೆ ಐದು ರೂಪಾಯಿ. ಐದು ರೂಪಾಯಿಯ ವಸ್ತುವಿಗೆ ಯಾರೂ ಸ್ತೋತ್ರ ರಚಿಸುವುದಿಲ್ಲವಾದ್ದರಿಂದ ಅದನ್ನು ಯಾರೂ ಹಾಕುವುದೂ ಇಲ್ಲ.

ಪೂರ್ವಪಕ್ಷದಲ್ಲಿ ಸತ್ಯಾಂಶವಿರುವ ಒಂದು ಭಾಗವುಂಟು. ಅದನ್ನು ಮರೆಮಾಚಿ ವಾದ ಗೆಲ್ಲುವುದು ನನಗೆ ಬೇಕಿಲ್ಲ. ಅಮೆರಿಕದ ‘ಆಡಿಯೊ’ ಮಾಸಪತ್ರಿಕೆಯ 1980ರ ಫೆಬ್ರವರಿ, ಮಾರ್ಚ್ ಸಂಚಿಕೆಗಳಲ್ಲಿ ವಾಲ್ಟರ್ ಯುಂಗ್, ರಿಚರ್ಡ್ ಮಾರ್ಷ್ ಎಂಬಿಬ್ಬರು ಕೆಪಾಸಿಟರುಗಳ ಆಯ್ಕೆಯನ್ನು ಕುರಿತು ಬರೆದ ಪ್ರಸಿದ್ಧ ಲೇಖನವೂ, 2002-03ರಲ್ಲಿ ‘ಎಲೆಕ್ಟ್ರಾನಿಕ್ಸ್ ವರ್ಲ್ಡ್’ ಪತ್ರಿಕೆಯಲ್ಲಿ ಸಿರಿಲ್ ಬೇಟ್‌ಮನ್ ಎಂಬಾತನು ಕೆಪಾಸಿಟರುಗಳು ಹುಟ್ಟಿಸುವ ವಿಕೃತಿಯನ್ನು ಅತಿಸೂಕ್ಷ್ಮವಾದ ಉಪಕರಣದಿಂದ ಅಳೆದು ಬರೆದ ಲೇಖನಮಾಲೆಯೂ, ನಿರೋಧಕ ವಸ್ತುವಿನ ಜಾತಿಯನ್ನು ಅನುಸರಿಸಿ ಕೆಪಾಸಿಟರುಗಳ ಗುಣ ಬೇರೆಬೇರೆಯಾಗುತ್ತದೆಂಬುದನ್ನು ತೋರಿಸಿಕೊಟ್ಟಿವೆ. ಕ್ರಾಸ್‌ಓವರಿನಲ್ಲಿ ಇದು ಅಲಕ್ಷಿಸತಕ್ಕ ಮಾತಲ್ಲ. ಆಂಪ್ಲಿಫೈಯರಿನೊಳಗೆ ಒಂದು ಹಂತದಿಂದ ಇನ್ನೊಂದು ಹಂತಕ್ಕೆ ಶಬ್ದವನ್ನು ದಾಟಿಸುವ ಕೆಪಾಸಿಟರನ್ನು ಬೇಕಾದಷ್ಟು ದೊಡ್ಡದು ಮಾಡಿ, ಅದರ ಎರಡು ತುದಿಗಳ ನಡುವೆ ಶಬ್ದದ ವೋಲ್ಟೇಜೇ ಉಳಿಯದಂತೆ ನೋಡಿಕೊಳ್ಳಬಹುದು. ವೋಲ್ಟೇಜಿಲ್ಲದ ಕಡೆ ವಿಕೃತಿಯೂ ಇಲ್ಲ. ಕ್ರಾಸ್‌ಓವರಿನ ಕೆಪಾಸಿಟರಿಗೆ ಈ ಸುಖವಿಲ್ಲ. ವೋಲ್ಟೇಜನ್ನು ತನ್ನ ಮೇಲೆ ಎಳೆದುಕೊಳ್ಳುವುದೇ ಅದರ ಧರ್ಮ. ಆದುದರಿಂದ ಎಲೆಕ್ಟ್ರೊಲಿಟಿಕ್ಕಿಗಿಂತ ಪಾಲಿಯೆಸ್ಟರು ಮೇಲು, ಪಾಲಿಯೆಸ್ಟರಿಗಿಂತ ಪಾಲಿಪ್ರೊಪಿಲೀನ್ ಮೇಲು ಎಂಬಷ್ಟನ್ನು ನಾನು ಪೂರ್ಣಮನಸ್ಸಿನಿಂದ ಒಪ್ಪುತ್ತೇನೆ. ನನ್ನ ಜಗಳವಿರುವುದು ಆ ಮೆಟ್ಟಿಲಿನಾಚೆ, ಪಾಲಿಪ್ರೊಪಿಲೀನಿಗೂ ಪಾಲಿಪ್ರೊಪಿಲೀನಿಗೂ ನಡುವೆ ಬೆಲೆಯಿಂದ ಕಟ್ಟಿದ ವರ್ಣವ್ಯವಸ್ಥೆಯೊಡನೆ. ಅಳತೆಯ ಮೇಲೆ ನಿಂತ ಲೇಖನಗಳಿಂದ ಅಳತೆಯನ್ನು ತೆಗೆದು ಬಿಸುಟು, ಹೆಸರುಗಳ ಪಟ್ಟಿಯನ್ನು ಮಾತ್ರ ಜಪಕ್ಕೆ ಇಟ್ಟುಕೊಂಡವರೊಡನೆ.

ಆ ಪಾಲಿಪ್ರೊಪಿಲೀನಾದರೂ ದುರ್ಲಭ ವಸ್ತುವೆ? ಓದುಗರು ತಲೆಯೆತ್ತಿ ನೋಡಬೇಕು. ಸೀಲಿಂಗ್ ಫ್ಯಾನಿನ ಬಟ್ಟಲೊಳಗೆ ಅಡಗಿರುವ, ಎಲೆಕ್ಟ್ರಿಷಿಯನ್ನರು ಕಂಡೆನ್ಸರ್ ಎಂದು ಕರೆಯುವ, 2.5 ಮೈಕ್ರೋಫ್ಯಾರಡ್, 440 ವೋಲ್ಟ್ ಎಂದು ಅಚ್ಚುಹಾಕಿಸಿಕೊಂಡ ಆ ಬಡಪಾಯಿ ವಸ್ತು ಲೋಹಲೇಪಿತ ಪಾಲಿಪ್ರೊಪಿಲೀನ್ ಹಾಳೆಯಿಂದಲೇ ಆದದ್ದು. ಹೆಚ್ಚುಕಮ್ಮಿ ಶೇಕಡ 5ರೊಳಗೆ. ನೂರು ರೂಪಾಯಿಯ ನೋಟಿಗೆ ಚಿಲ್ಲರೆ ಹಿಂದಕ್ಕೆ ಬರುತ್ತದೆ. ಶಿವಮೊಗ್ಗದ ಗಾಂಧಿಬಜಾರಿನ ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲಿಯೂ 2.5, 3.15, 4 ಎಂಬ ಮೌಲ್ಯಗಳಲ್ಲಿ ಅದು ದೊರೆಯುತ್ತದೆ. 4ರ ಒಂದನ್ನೂ 2.5ರ ಒಂದನ್ನೂ ಪಕ್ಕಪಕ್ಕದಲ್ಲಿ ಜೋಡಿಸಿದರೆ 6.5, 8 ಓಮಿನ ಮುಂದೆ ಗಡಿ 3,060 ಹರ್ಟ್ಸ್. ನಾವು ಮೊದಲು ಬಯಸಿದ 3,000ಕ್ಕೆ ಇದು ಅಂಗಡಿಯ 6.8ಕ್ಕಿಂತ ಸಮೀಪ. ಮನೆಯ ವಿದ್ಯುತ್ತನ್ನು ಹಗಲಿರುಳು ಹೊತ್ತು, ಫ್ಯಾನಿನ ಕಾವಿನಲ್ಲಿ ಬೆಂದು, ಕೆಲವು ವರ್ಷಗಳಲ್ಲಿ ಧಾರಕತೆ ಕಳೆದುಕೊಂಡು ಫ್ಯಾನು ನಿಧಾನವಾಗುವುದನ್ನು ಎಲ್ಲರೂ ಕಂಡಿದ್ದೇವೆ. ಧ್ವನಿವರ್ಧಕದಲ್ಲಿ ಅದರ ಮೇಲೆ ಬೀಳುವ ಹೊರೆ ಅದಕ್ಕೆ ಹೋಲಿಸಿದರೆ ವಿಶ್ರಾಂತಿಯೇ ಸರಿ. ತೋಟದ ಪಂಪ್‌ಸೆಟ್ಟಿನ ರನ್ ಕೆಪಾಸಿಟರೂ ಇದೇ ಕುಲದ್ದು. ಆದರೆ ಅದೇ ಡಬ್ಬದಲ್ಲಿ ಪಕ್ಕದಲ್ಲಿಯೇ ಕುಳಿತಿರುವ ಸ್ಟಾರ್ಟ್ ಕೆಪಾಸಿಟರು ಎಲೆಕ್ಟ್ರೊಲಿಟಿಕ್ ಆದ್ದರಿಂದ, ಮೋಟಾರಿನದೆಲ್ಲ ಒಂದೇ ಎಂದುಕೊಂಡು ಅದನ್ನು ಕಿತ್ತು ತರಕೂಡದು. ಫ್ಯಾನಿನ ಕಂಡೆನ್ಸರಿನಿಂದ ಸಂಗೀತ ಕೇಳುವುದೆಂದರೆ ನಮ್ಮ ರಸಿಕರು ಮೂಗು ಮುರಿಯುತ್ತಾರೆ. ಮೂಗಿಗೆ ಇದರಲ್ಲಿ ಏನು ಕೆಲಸವೋ ನಾನರಿಯೆ.

ಈ ಮತಕ್ಕೆ ಅಂಗವಾಗಿ ಬೆಳೆದ ಎರಡು ಆಚಾರಗಳನ್ನೂ ನೋಡಿಬಿಡಬೇಕು. ದೊಡ್ಡ ಕೆಪಾಸಿಟರಿನ ಪಕ್ಕದಲ್ಲಿ 0.01 ಮೈಕ್ರೋಫ್ಯಾರಡಿನ ಬಹುಮೂಲ್ಯವಾದ ಚಿಕ್ಕದೊಂದನ್ನು ಜೋಡಿಸಿದರೆ ಸೂಕ್ಷ್ಮನಾದಗಳೆಲ್ಲ ಆ ಚಿಕ್ಕದರ ಮೂಲಕ ಹಾಯ್ದುಬರುತ್ತವೆಂಬುದು ಮೊದಲನೆಯದು. ವಿದ್ಯುತ್ತು ಹಂಚಿಹೋಗುವುದು ಧಾರಕತೆಯ ಪ್ರಮಾಣದಲ್ಲಿ, 6.8ರ ಪಕ್ಕದ 0.01ಕ್ಕೆ ಸಿಗುವ ಪಾಲು 680ಕ್ಕೆ 1, ಅದೂ ಕೇಳಿಬರುವ ಸ್ವರ ಮಂದ್ರವಾಗಲಿ ತಾರವಾಗಲಿ ಬದಲಾಗದೆ. ದೊಡ್ಡದು ರೇಡಿಯೊ ಕಂಪನಗಳಲ್ಲಿ ಸೋತುಹೋಗುವ ಜಾಗಗಳಲ್ಲಿ ಚಿಕ್ಕದಕ್ಕೆ ಕೆಲಸವುಂಟು. ಟ್ವೀಟರು ರೇಡಿಯೊ ಪ್ರಸಾರ ಮಾಡುವುದಿಲ್ಲ. ಹೊಸ ಕೆಪಾಸಿಟರು ನೂರಾರು ಗಂಟೆಗಳ ಕಾಲ ಹಾಡಿಸಿದ ಮೇಲೆಯೇ ಪಕ್ವವಾಗುತ್ತದೆಂಬುದು ಎರಡನೆಯದು. ಹಾಳೆಯ ಕೆಪಾಸಿಟರನ್ನು ಮೊದಲ ದಿನವೂ ತಿಂಗಳ ಕೊನೆಯಲ್ಲೂ ಅಳೆದು ಎರಡು ಸಂಖ್ಯೆಗಳನ್ನು ಮುಂದಿಡಿರೆಂದರೆ ಈ ಆಚಾರವಂತರು ಮೌನ ತಾಳುತ್ತಾರೆ. ಆ ತಿಂಗಳಲ್ಲಿ ಹೊಸ ಶಬ್ದಕ್ಕೆ ಪಳಗುವುದು ಕೇಳುಗನ ಕಿವಿ. ಹಣ ಹಿಂದಿರುಗಿಸುವ ವಾಯಿದೆಯೂ ಸಾಮಾನ್ಯವಾಗಿ ಅಷ್ಟರಲ್ಲಿ ಕಳೆದಿರುತ್ತದೆ.

ಹಾಗಾದರೆ ಆಯ್ಕೆಯಲ್ಲಿ ವಿವೇಕಕ್ಕೆ ಎಡೆಯೇ ಇಲ್ಲವೆ? ಬೇಕಾದಷ್ಟಿದೆ, ಅದಿರುವ ಜಾಗ ಬೇರೆ. 100 ವಾಟಿನ ಆಂಪ್ಲಿಫೈಯರು 8 ಓಮಿಗೆ ಒದಗಿಸುವ ವೋಲ್ಟೇಜು ತನ್ನ ಶಿಖರದಲ್ಲಿ 40. 400 ವಾಟಿನದಾದರೆ 80. ಮನೆಯ ಪೆಟ್ಟಿಗೆಗೆ 100 ವೋಲ್ಟಿನ ಕೆಪಾಸಿಟರು ಧಾರಾಳವಾಯಿತು. ಗಣಪತಿ ವಿಸರ್ಜನೆಯ ಮೆರವಣಿಗೆಯಲ್ಲಿ ಲಾರಿಯ ಮೇಲೆ ಗೋಪುರದಂತೆ ಪೇರಿಸುವ ಪೆಟ್ಟಿಗೆಗಳಿಗೆ ಅದರ ಎರಡು ಮೂರು ಪಾಲು ಬೇಕಾಗುತ್ತದೆ. 50 ವೋಲ್ಟಿನ ಎಲೆಕ್ಟ್ರೊಲಿಟಿಕ್ಕನ್ನೇ ಅಲ್ಲಿಯೂ ಹಾಕಿ, ಅದು ಸಿಡಿದು ಟ್ವೀಟರು ಸುಟ್ಟಮೇಲೆ ಟ್ವೀಟರನ್ನು ಬೈಯುವ ಮೈಕ್‌ಸೆಟ್ಟಿನವರದು ನಮ್ಮ ರಸಿಕರದಕ್ಕೆ ನೇರ ವಿರುದ್ಧವಾದ ತಪ್ಪು. ಭಾರವಾದ ಕೆಪಾಸಿಟರನ್ನು ಅದರ ಎರಡು ತಂತಿಗಳಿಂದಲೇ ತೂಗುಬಿಟ್ಟರೆ, ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಲ್ಲಿ ಪೆಟ್ಟಿಗೆ ಕುಲುಕುವಾಗ ತಂತಿ ಬುಡದಲ್ಲಿ ಮುರಿಯುತ್ತದೆ. ಸಡಿಲವಾಗಿ ಸುತ್ತಿದ ಹಾಳೆಯಾದರೆ ಪೆಟ್ಟಿಗೆಯ ಕಂಪನಕ್ಕೆ ತಾನೂ ಕಂಪಿಸುತ್ತದೆ. ಹಲಗೆಗೆ ಅಂಟುಹಾಕಿ ಪಟ್ಟಿ ಬಿಗಿದರೆ ಎರಡೂ ತಪ್ಪುತ್ತವೆ. ಮಲೆನಾಡಿನ ನಾಲ್ಕು ತಿಂಗಳ ಮಳೆಯ ತೇವ ಲೋಹದ ಲೇಪವನ್ನು ತಿನ್ನಬಲ್ಲದಾದ್ದರಿಂದ, ತುದಿಗಳನ್ನು ರಾಳದಿಂದ ಚೆನ್ನಾಗಿ ಮುಚ್ಚಿದ ಕೆಪಾಸಿಟರಿಗೆ ಹತ್ತು ರೂಪಾಯಿ ಹೆಚ್ಚು ಕೊಡುವುದರಲ್ಲಿ ಅರ್ಥವುಂಟು. ಮೇಲಾಗಿ, ಏನನ್ನು ಕೇಳುತ್ತೇವೆಂಬುದೂ ಒಂದು ಪ್ರಶ್ನೆಯೆ. ಭದ್ರಾವತಿಯ ಆಕಾಶವಾಣಿ ನಿಲಯದ 675 ಕಿಲೋಹರ್ಟ್ಸಿನ ಮಧ್ಯಮ ತರಂಗವನ್ನು ಹಿಡಿದು ಕೇಳುವವನಿಗೆ, ಆ ಪ್ರಸಾರಪದ್ಧತಿಯ ಮಿತಿಯಿಂದಾಗಿಯೇ 5,000 ಹರ್ಟ್ಸಿನಿಂದಾಚೆ ಹೆಚ್ಚೇನೂ ತಲುಪದು. ಟ್ವೀಟರಿನ ರಾಜ್ಯದ ಬಹುಭಾಗ ಅಲ್ಲಿ ಬರಿದಾಗಿರುತ್ತದೆ.

ಕೊನೆಗೆ ಉಳಿಯುವುದು ಕಿವಿಯೇ ಪ್ರಮಾಣವೆಂಬ ಮಾತು. ಪ್ರತ್ಯಕ್ಷಪ್ರಮಾಣವನ್ನು ಒಪ್ಪುವುದರಲ್ಲಿ ನನಗೆ ಯಾವ ಅಡ್ಡಿಯೂ ಇಲ್ಲ. ಆದರೆ ಪ್ರತ್ಯಕ್ಷವು ದೋಷರಹಿತವಾಗಿರಬೇಕೆಂಬುದು ನಮ್ಮ ತಾರ್ಕಿಕರ ಹಳೆಯ ನಿಬಂಧನೆ, ಮತ್ತು ಬೆಲೆಪಟ್ಟಿಯನ್ನು ಓದಿಕೊಂಡ ಕಿವಿಯಲ್ಲಿ ದೋಷವಿದೆ. ಆದಕಾರಣ ಎರಡು ಪಾಲಿಪ್ರೊಪಿಲೀನ್ ಕೆಪಾಸಿಟರುಗಳನ್ನು, ಒಂದು ಅಗ್ಗದ್ದು ಒಂದು ದುಬಾರಿ, ಶೇಕಡ 1ರೊಳಗೆ ಧಾರಕತೆ ಹೊಂದುವಂತೆ ಮೀಟರಿನಲ್ಲಿ ಆರಿಸಿಕೊಂಡು, ಶಬ್ದದ ಮಟ್ಟವನ್ನು 0.1 ಡೆಸಿಬೆಲ್ಲಿನೊಳಗೆ ಸರಿಗಟ್ಟಿ, ಮುಚ್ಚಿದ ಡಬ್ಬದೊಳಗೆ ಸ್ವಿಚ್ಚಿಗೆ ಕಟ್ಟಬೇಕು. ಸ್ವಿಚ್ಚು ತಿರುಗಿಸುವವನು ಕೇಳುಗನ ಮುಖ ಕಾಣದ ಕಡೆ ಕುಳಿತು, ನಾಣ್ಯ ಚಿಮ್ಮಿ ಬಂದಂತೆ ಅದನ್ನೋ ಇದನ್ನೋ ಇಡಬೇಕು. ಇಪ್ಪತ್ತು ಸಲ ಕೇಳಿಸಿ ಯಾವುದೆಂದು ಹೇಳಿಸಬೇಕು. ಸುಮ್ಮನೆ ಊಹಿಸಿದವನಿಗೂ ಹತ್ತು ಸರಿಹೋಗುತ್ತವೆ. ಹದಿನೈದೋ ಅದಕ್ಕೂ ಹೆಚ್ಚೋ ಸರಿಹೋಗುವುದು ಊಹೆಯಿಂದ ನೂರಕ್ಕೆ ಎರಡು ಸಲ ಮಾತ್ರ ಸಾಧ್ಯ. ಹದಿನೈದನ್ನು ದಾಟಿದವರು ಇನ್ನೊಂದು ದಿನ ಬಂದು ಮತ್ತೊಮ್ಮೆ ದಾಟಿದರೆ ಅವರ ಪಕ್ಷವನ್ನು ನಾನು ಒಪ್ಪುತ್ತೇನೆ. ಉತ್ತರಗಳನ್ನು ಮಾತ್ರ, ಡಬ್ಬದ ಮುಚ್ಚಳ ತೆಗೆಯುವುದಕ್ಕೆ ಮೊದಲೇ, ಕಾಗದದ ಮೇಲೆ ಬರೆದು ಸಹಿ ಹಾಕಿ ಕೊಡತಕ್ಕದ್ದು.